ಬಿಸಿನೀರಿನ ರಹದಾರಿ

ಜಪಾನಿನಲ್ಲಿ ಪ್ರವಾಸವೆಂಬುದು ಹೇಗೆ ಬೆಳೆಯಿತೆಂದು ಕೇಳಿದರೆ, ಬಹುಮಟ್ಟಿಗೆ ದೇವರ ಮತ್ತು ಕಾಯಿಲೆಯ ನೆಪದಲ್ಲಿ ಬೆಳೆಯಿತೆಂದೇ ಹೇಳಬೇಕಾಗುತ್ತದೆ.

ಅದು ಅಗ್ನಿಪರ್ವತಗಳ ನಾಡು. ನೆಲದಿಂದ ಉಕ್ಕುವ ಬಿಸಿನೀರಿಗೆ ಅಲ್ಲಿ ‘ಒನ್ಸೆನ್’ ಎಂದು ಹೆಸರು. ಚಕ್ರವರ್ತಿ ಜೊಮೇ 631ರಲ್ಲಿ ಅರಿಮಾದ ಬುಗ್ಗೆಗೆ ಹೋದನೆಂದು ‘ನಿಹೋನ್ ಶೋಕಿ’ ಎಂಬ ಪ್ರಾಚೀನ ಇತಿಹಾಸಗ್ರಂಥ ಹೇಳುತ್ತದೆ. ಅರಸರಿಗೇನು, ಹೊರಟರೆ ತಡೆಯುವವರಿಲ್ಲ. ಸಾಮಾನ್ಯ ರೈತನ ಮಾತು ಬೇರೆ.

1603ರಿಂದ ಎರಡೂವರೆ ಶತಮಾನಕ್ಕೂ ಮಿಕ್ಕಿ ಆಳಿದ ತೊಕುಗಾವಾ ಮನೆತನದವರು ಹೆದ್ದಾರಿಗಳಲ್ಲಿ ಉಕ್ಕಡಗಳನ್ನಿಟ್ಟು ಕಾವಲು ಹಾಕಿದ್ದರು. ಹಕೋನೆಯ ಉಕ್ಕಡ ಹೆಂಗಸರನ್ನು ತಪಾಸಣೆ ಮಾಡುವುದರಲ್ಲಿ ಹೆಸರಾಗಿತ್ತು. ಪಾಳೆಯಗಾರರ ಹೆಂಡಿರು ಮಕ್ಕಳು ಎಡೋ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಒತ್ತೆಯಾಳುಗಳಂತೆ ಇರಬೇಕಾಗಿತ್ತು. ಅವರು ವೇಷ ಮರೆಸಿಕೊಂಡು ತಪ್ಪಿಸಿಕೊಂಡಾರೆಂಬ ಭಯ! ರೈತನೂ ರಹದಾರಿಯಿಲ್ಲದೆ ದೂರ ಹೋಗುವಂತಿರಲಿಲ್ಲ. ಆದರೆ ಅಧಿಕಾರಿಗಳು ಸುಲಭವಾಗಿ ಅಲ್ಲಗಳೆಯಲಾರದ ಕಾರಣಗಳು ಎರಡಿದ್ದುವು: ಒಂದು ತೀರ್ಥಯಾತ್ರೆ, ಇನ್ನೊಂದು ಬಿಸಿನೀರಿನ ಚಿಕಿತ್ಸೆ.

ಇಸೆ ದೇಗುಲದ ಯಾತ್ರೆಗೆ ಹಳ್ಳಿಯವರು ನಮ್ಮ ಚೀಟಿಯಂತೆ ಹಣ ಕೂಡಿಹಾಕಿ, ಹೆಸರೆತ್ತಿ, ಸರದಿಯಂತೆ ಕೆಲವರನ್ನು ಕಳುಹಿಸುತ್ತಿದ್ದರು. ಹೋದವರು ಕ್ಯೋಟೋ, ಒಸಾಕಾಗಳನ್ನೂ ನೋಡಿಕೊಂಡೇ ಬರುತ್ತಿದ್ದರು. ಕಾಶಿಗೆಂದು ಹೊರಟು ದಾರಿಯ ಊರುಗಳನ್ನೆಲ್ಲ ಸುತ್ತಿ ಬರುವ ನಮ್ಮವರಿಗೆ ಇದು ಸೋಜಿಗವಲ್ಲ. ಚಿಕಿತ್ಸೆಗೆ ‘ತೋಜಿ’ ಎನ್ನುವರು. ಏಳು ದಿನ ಮಿಂದರೆ ಒಂದು ಸುತ್ತು. ಮೂರು ಸುತ್ತು ಮುಗಿದರೆ ಪೂರ್ಣವೆಂದು ನಂಬಿಕೆ. ಸುಗ್ಗಿಯ ದಣಿವಾರಿಸಲು ಬಂದ ರೈತರು ಅಕ್ಕಿಯ ಗಂಟು ತಂದು, ತಾವೇ ಬೇಯಿಸಿಕೊಂಡು ವಾರಗಟ್ಟಲೆ ತಂಗುತ್ತಿದ್ದರು.

1805ರಲ್ಲಿ ಹಕೋನೆಯ ದಾರಿಯಲ್ಲೊಂದು ವ್ಯಾಜ್ಯ ಹುಟ್ಟಿತು. ಯುಮೋತೋ ಎಂಬ ಬುಗ್ಗೆಯೂರಿನವರು ದಾರಿಹೋಕರನ್ನು ಒಂದೇ ರಾತ್ರಿಗೆ ಇಳಿಸಿಕೊಳ್ಳತೊಡಗಿದ್ದರು. ದಾರಿಹೋಕರನ್ನು ಇಳಿಸಿಕೊಳ್ಳುವ ಹಕ್ಕು ತಮ್ಮದೆಂದು ಅಕ್ಕಪಕ್ಕದ ಅಧಿಕೃತ ತಂಗುದಾಣಗಳಾದ ಒದವಾರಾ, ಹಕೋನೆಗಳವರು ದೂರಿತ್ತರು. ಸರಕಾರದ ತೀರ್ಪು ಯುಮೋತೋ ಪರವಾಯಿತು: ಒಂದು ರಾತ್ರಿಯ ಸ್ನಾನಕ್ಕೂ ಅಡ್ಡಿಯಿಲ್ಲ! ಕಾಯಿಲೆಯಿಲ್ಲದವನೂ ಬಿಸಿನೀರಿಗಿಳಿಯಬಹುದೆಂಬುದಕ್ಕೆ ಹೀಗೆ ಮುದ್ರೆ ಬಿತ್ತು. ಈ ಪುಟ್ಟ ತೀರ್ಪು ಅನೇಕ ಯುದ್ಧಗಳಿಗಿಂತ ಹೆಚ್ಚು ನೆನಪಿಡತಕ್ಕದ್ದೆಂದು ನನ್ನ ಎಣಿಕೆ.

1869ರಲ್ಲಿ ಉಕ್ಕಡಗಳು ರದ್ದಾದುವು. 1872ರಲ್ಲಿ ರೈಲು ಓಡಿತು. ದೋಗೋದಲ್ಲಿ ಮೂರಂತಸ್ತಿನ ಮರದ ಸ್ನಾನಗೃಹ ಎದ್ದುದು 1894ರಲ್ಲಿ. 1934ರಲ್ಲಿ ತನ್ನಾ ಸುರಂಗ ತೆರೆದು ಮುಖ್ಯ ರೈಲುಮಾರ್ಗ ಅತಾಮಿಯನ್ನು ಹಾದುಹೋದ ಮೇಲೆ ಅದು ಟೋಕಿಯೋದವರ ಹಿತ್ತಿಲಿನಂತಾಯಿತು. ಯುದ್ಧಾನಂತರ ನವದಂಪತಿಗಳು ಬಂದರು. ಬಳಿಕ ಕಂಪೆನಿಗಳ ನೌಕರರು ಬಸ್ಸು ತುಂಬಿ ಬಂದರು. ಕಡಲಂಚಿನಲ್ಲಿ ಭಾರಿ ಹೋಟೆಲುಗಳೆದ್ದುವು. 1990ರ ದಶಕದಲ್ಲಿ ದೇಶದ ಐಶ್ವರ್ಯದ ಗುಳ್ಳೆ ಒಡೆದಾಗ ಅವುಗಳಲ್ಲಿ ಎಷ್ಟೋ ಬಾಗಿಲು ಮುಚ್ಚಿದುವು.

ಒನ್ಸೆನ್ ಎಂದರೇನೆಂದು 1948ರ ಕಾಯಿದೆ ಗೊತ್ತುಮಾಡಿದೆ: ನೆಲದಿಂದ ಬರುವಾಗ ನೀರು 25 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಬೆಚ್ಚಗಿರಬೇಕು, ಇಲ್ಲವೆ ಹೇಳಿದ ಖನಿಜಗಳಲ್ಲೊಂದು ಅದರಲ್ಲಿ ಸಾಕಷ್ಟಿರಬೇಕು. ನಮ್ಮ ಬಚ್ಚಲ ಹಂಡೆಯ ಮುಂದೆ 25 ಡಿಗ್ರಿ ತಣ್ಣೀರೇ ಸರಿ.

ಹಳೆಯ ತೋಜಿ ಅಳಿದಿಲ್ಲ. ಉತ್ತರದ ಅವೊಮೊರಿ ಬೆಟ್ಟಗಳಲ್ಲಿರುವ ಸುಕಾಯುವಿನಂಥ ಕಡೆಗಳಲ್ಲಿ ಬಹುದಿನ ತಂಗುವವರಿಗೆ ಅಡುಗೆಯ ಒಲೆಗಳೂ ಇವೆ. ಅಲ್ಲಿಗೆ ಹೋಗಲು ಈಗ ರಹದಾರಿಯೂ ಬೇಡ, ಕಾಯಿಲೆಯೂ ಬೇಡ.