ಕಿಟಕಿಯ ಬಳ್ಳಿ, ಮರದ ಬಳ್ಳಿ

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಬಾಡಿಗೆ ಮನೆ. ಅಡುಗೆಮನೆಯ ಕಿಟಕಿಯಲ್ಲಿ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ. ಅದರ ಕುತ್ತಿಗೆಯವರೆಗೆ ನೀರು, ನೀರೊಳಗೆ ಬೆಳ್ಳಗೆ ಹೆಣೆದುಕೊಂಡ ಬೇರು. ಹಸಿರೆಲೆಗಳ ಮೇಲೆ ಅರಿಸಿನದ ಕೈ ಕೊಡವಿದಂತೆ ಹಳದಿಯ ಚಿಮುಕು. ಬಳ್ಳಿ ಕಿಟಕಿಯ ಸರಳು ಬಳಸಿ, ಸಾರಿನಪುಡಿ ಡಬ್ಬಿಗಳ ಮೇಲೆ ಹಾದು, ಮೊಳೆಗೆ ಕಟ್ಟಿದ ದಾರ ಹಿಡಿದು ಹಜಾರದತ್ತ ಹೊರಟಿದೆ.

ಮನಿಪ್ಲಾಂಟ್. ಗಿಡ ಸಾಕಿ ಗೊತ್ತಿಲ್ಲದವರ ಮನೆಗೂ ಮೊದಲು ಕಾಲಿಡುವ ಗಿಡ ಇದು. ಕೇಳದೆ ಚಿವುಟಿ ತಂದರೇ ಹುಲುಸಾಗಿ ಹಬ್ಬುತ್ತದೆ ಎಂಬ ನಂಬಿಕೆಯೂ ಇದರ ಜೊತೆಗೇ ಮನೆಯಿಂದ ಮನೆಗೆ ಹರಡಿದೆ. ಹಬ್ಬುವ ಗುಟ್ಟು ಇರುವುದು ಗೆಣ್ಣಿನಲ್ಲಿ. ತೊಟ್ಟು ಕಾಂಡಕ್ಕೆ ಕೂಡುವ ಕಡೆ ಕಂದು ಬಣ್ಣದ ಪುಟ್ಟ ಗುಬುಟು ಕಾಣುತ್ತದೆ, ಬೇರು ಒಡೆಯುವುದು ಅಲ್ಲಿಂದಲೇ. ಅದಕ್ಕಿಂತ ತುಸು ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಂತೆ ನೀರಿನಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಬೇರು ಇಳಿಯುತ್ತದೆ. ಗೆಣ್ಣಿಲ್ಲದ ಬರೀ ಎಲೆ ಎಷ್ಟು ದಿನ ಹಸಿರಾಗಿದ್ದರೂ ಬಳ್ಳಿಯಾಗುವುದಿಲ್ಲ.

ಬಾಟಲಿಯ ನೀರನ್ನು ವಾರಕ್ಕೊಮ್ಮೆ ಬದಲಿಸಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಡಲು ಇಂಥ ನಿಂತ ನೀರೇ ಬೇಕು. ಮೊಟ್ಟೆ ಬಾಟಲಿಯ ಒಳಗೋಡೆಗೂ ಅಂಟಿಕೊಂಡಿರುತ್ತದೆ. ಹಾಗಾಗಿ ನೀರು ಚೆಲ್ಲಿದ ಮೇಲೆ ಒಳಗೆ ಚೆನ್ನಾಗಿ ಉಜ್ಜಿ ತೊಳೆಯಬೇಕು.

ಬಾಲ್ಕನಿಯಲ್ಲಿ ಇದೇ ಬಳ್ಳಿಯ ಇನ್ನೊಂದು ತುಂಡು ಕುಂಡದಲ್ಲಿದೆ. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಒಂದಿಷ್ಟು ಎರೆಗೊಬ್ಬರ. ತಳದಲ್ಲಿ ನೀರು ಬಸಿಯಲು ತೂತು. ಈ ಗಿಡ ಸಾಯುವುದಾದರೆ ಹೆಚ್ಚಾಗಿ ಅತಿ ಪ್ರೀತಿಯಿಂದಲೇ: ದಿನವೂ ನೀರು ಸುರಿದರೆ ಬೇರಿಗೆ ಗಾಳಿಯಾಡದೆ ಕೊಳೆಯುತ್ತದೆ, ಎಲೆ ಒಂದೊಂದಾಗಿ ಹಳದಿಯಾಗಿ ಉದುರುತ್ತದೆ. ಮಣ್ಣಿಗೆ ಬೆರಳು ಇಳಿಸಿ ನೋಡಿ. ಮೇಲಿನ ಎರಡು ಅಂಗುಲ ಒಣಗಿದ್ದರೆ ನೀರು ಕೊಡಿ, ತೇವವಿದ್ದರೆ ಸುಮ್ಮನಿರಿ. ಮಧ್ಯಾಹ್ನದ ನೇರ ಬಿಸಿಲು ಬಿದ್ದರೆ ಎಲೆ ಸುಟ್ಟು ಕಲೆಯಾಗುತ್ತದೆ. ತೀರ ಕತ್ತಲಲ್ಲಿಟ್ಟರೆ ಹಳದಿ ಚಿತ್ತಾರ ಮಾಸಿ ಬರೀ ಹಸಿರು ಉಳಿಯುತ್ತದೆ. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಜಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಅಂಬೆಗಾಲಿಡುವ ಮಗುವೋ ಬೆಕ್ಕು, ನಾಯಿಯೋ ಇರುವ ಮನೆಯಲ್ಲಿ ಕುಂಡ ಎತ್ತರದಲ್ಲಿರಲಿ.

ಬಾಲ್ಕನಿಯಿಂದ ಬಗ್ಗಿ ನೋಡಿದರೆ ಪಕ್ಕದ ಖಾಲಿ ಸೈಟಿನಲ್ಲೊಂದು ಮುದಿ ಮಾವಿನ ಮರ. ಅದರ ಮೈತುಂಬ ತಬ್ಬಿ ಹತ್ತಿದ ಬಳ್ಳಿಯ ಎಲೆಗಳು ಮೊಳದುದ್ದ ಇವೆ, ಅಂಚಿನಲ್ಲಿ ಸೀಳು ಸೀಳಾಗಿವೆ. ಬೇರಾವುದೋ ಕಾಡುಬಳ್ಳಿ ಅನ್ನಿಸುತ್ತದೆ. ಆದರೆ ಅದೂ ಮನಿಪ್ಲಾಂಟೇ! ಇದರ ತವರು ಶಾಂತಸಾಗರದ ನಡುವಿನ ಮೊರೆಯಾ ದ್ವೀಪ, ತಾಹಿತಿಯ ನೆರೆಯದು. ಮರ ಹತ್ತಿ ಬೆಳಕಿಗೆ ಏರುವುದು ಇದರ ಸ್ವಭಾವ; 20 ಮೀಟರ್‌ವರೆಗೂ ಏರಬಲ್ಲದು. ಗೆಣ್ಣಿನ ಬೇರುಗಳು ತೊಗಟೆಯನ್ನು ಕಚ್ಚಿ ಹಿಡಿದು ಮೇಲೇರಿದಂತೆ ಎಲೆ ಹಿರಿದಾಗುತ್ತ ಹೋಗುತ್ತದೆ. ಹಿಡಿತವಿಲ್ಲದೆ ಜೋತುಬಿದ್ದ ಬಳ್ಳಿಯಲ್ಲಿ ಎಲೆ ಕಿರಿದಾಗುತ್ತ ಬರುತ್ತದೆ. ನಮ್ಮ ಕಿಟಕಿಗಳಲ್ಲಿರುವುದು, ಎಷ್ಟೇ ವರ್ಷ ಕಳೆದರೂ, ಇದರ ಎಳೆತನದ ರೂಪ ಮಾತ್ರ. ಇದು ಹೂ ಬಿಡುವುದಂತೂ ತೀರ ಅಪರೂಪ. ಹೂವಿಗೆ ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನು ಇದರಲ್ಲಿ ಸಾಕಷ್ಟು ತಯಾರಾಗುವುದಿಲ್ಲ.

ಆದ್ದರಿಂದ ಹೊಸದಾಗಿ ಗಿಡ ಸಾಕುವವರಿಗೆ ನನ್ನ ಒಂದೇ ಒತ್ತಾಯ: ಬಳ್ಳಿಗೆ ಹತ್ತಲು ಏನಾದರೂ ಕೊಡಿ. ತೆಂಗಿನ ನಾರು ಸುತ್ತಿದ ಕೋಲೊಂದನ್ನು ಕುಂಡದಲ್ಲಿ ನೆಟ್ಟು, ಗೆಣ್ಣುಗಳು ನಾರಿಗೆ ತಾಗುವಂತೆ ಸಡಿಲವಾಗಿ ಕಟ್ಟಿ, ನಾರನ್ನು ಆಗಾಗ ನೀರು ಚಿಮುಕಿಸಿ ತೇವವಾಗಿಡಿ. ಬೇರು ನಾರಿನೊಳಗೆ ಇಳಿದ ಮೇಲೆ ಬರುವ ಎಲೆಗಳನ್ನು ಹಳೆಯವುಗಳ ಪಕ್ಕ ಇಟ್ಟು ನೋಡಿ, ಅಗಲ ಕಣ್ಣಿಗೇ ಕಾಣುತ್ತದೆ. ಕೋಲಿನ ತುದಿ ದಾಟಿದರೆ ಸವರಿ. ಸವರಿದ್ದನ್ನು ಕೆರೆಯಂಚಿಗೋ ತೋಪಿಗೋ ಎಸೆಯಬೇಡಿ. ಅಲ್ಲಿ ಬೇರೂರಿ ಊರಿನ ಗಿಡಮರಗಳನ್ನೇ ಮುಚ್ಚಿಬಿಡುವ ಶಕ್ತಿ ಇದಕ್ಕಿದೆ. ಎರಡೆರಡು ಗೆಣ್ಣಿರುವ ತುಂಡುಗಳಾಗಿ ಮಾಡಿ, ಇನ್ನೂ ಒಂದು ಗಿಡವೂ ಇಲ್ಲದ ಮನೆ ಹುಡುಕಿ ಕೊಡಿ.