ಮದುಮಕ್ಕಳ ಮೊದಲ ನೃತ್ಯ: ಪ್ರದರ್ಶನವಲ್ಲ, ಆಹ್ವಾನ

ನಮ್ಮ ಕರಾವಳಿಯ ಕಥೋಲಿಕ ಕುಟುಂಬಗಳಲ್ಲಿ ಮದುವೆಯ ವಿಧಿಗಳಿಗೆ ಒಂದು ನಿಶ್ಚಿತ ಕ್ರಮವಿದೆ. ಹಿಂದಿನ ಸಂಜೆ ರೋಸ್. ಮರುದಿನ ದೇವಾಲಯದಲ್ಲಿ ವಿವಾಹ ಸಂಸ್ಕಾರ ಮತ್ತು ಬಲಿಪೂಜೆ. ಬಳಿಕ ಸಭಾಂಗಣದಲ್ಲಿ ಬ್ಯಾಂಡಿನ ನಾದದೊಡನೆ ಮದುಮಕ್ಕಳ ಪ್ರವೇಶ, ಕೇಕ್, ಟೋಸ್ಟ್, ನೃತ್ಯ, ಊಟ. ಕೊನೆಯಲ್ಲಿ ತವರಿನವರು ಮಗಳನ್ನು ಗಂಡನ ಮನೆಯವರ ಕೈಗೊಪ್ಪಿಸುವ ‘ಒಪ್ಸುನ್ ದಿಂವ್ಚೆಂ’. ಈ ಸರಪಣಿಯಲ್ಲಿ ಅತಿ ಚಿಕ್ಕದಾದರೂ ಮದುಮಕ್ಕಳ ಎದೆಬಡಿತವನ್ನು ಅತಿಯಾಗಿ ಹೆಚ್ಚಿಸುವ ಕೊಂಡಿಯೆಂದರೆ ಮೊದಲ ನೃತ್ಯ. ಹೆಚ್ಚೆಂದರೆ ಮೂರು ನಿಮಿಷಗಳ ಈ ವಿಧಿಗಾಗಿ ನಿದ್ದೆಗೆಡುವ ಯುವಕರು ನಮ್ಮಲ್ಲಿ ಕಡಿಮೆಯಿಲ್ಲ.

ಹಿಂದೆ ಈ ನೃತ್ಯ ಸರಳವಾಗಿತ್ತು. ಮದುಮಕ್ಕಳು ನಾಲ್ಕು ಸುತ್ತು ಹೆಜ್ಜೆ ಹಾಕುವಷ್ಟರಲ್ಲಿ ಧೆಡೊ ಮತ್ತು ಧೆಡಿ ಅವರನ್ನು ಕೂಡಿಕೊಳ್ಳುತ್ತಿದ್ದರು. ಅನಂತರ ತಂದೆತಾಯಿಯರು, ಅತ್ತೆ ಮಾವಂದಿರು, ಕೊನೆಗೆ ಬಂಧುಮಿತ್ರರೆಲ್ಲರೂ ಬಂದು ಸೇರುತ್ತಿದ್ದರು. ಈಗ ದೃಶ್ಯ ಬದಲಾಗುತ್ತಿದೆ. ಸಂಯೋಜಕರಿಂದ ತಿಂಗಳುಗಟ್ಟಲೆ ತರಬೇತಿ ಪಡೆದ ಜೋಡಿ, ಕೃತಕ ಹೊಗೆಯ ನಡುವೆ, ಹಲವು ಹಾಡುಗಳ ತುಣುಕುಗಳಿಗೆ ಕುಣಿದು ತೋರಿಸುತ್ತದೆ. ಅತಿಥಿಗಳು ಮೊಬೈಲ್ ಎತ್ತಿ ಹಿಡಿದು ಚಿತ್ರೀಕರಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಕುಳಿತಲ್ಲಿಯೇ ಉಳಿಯುತ್ತಾರೆ. ನೃತ್ಯವೇನೋ ಸೊಗಸಾಗಿರುತ್ತದೆ. ಆದರೆ ಅದು ಯಾರಿಗಾಗಿ, ಯಾತಕ್ಕಾಗಿ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಕಾಲ ಬಂದಿದೆ.

ನೃತ್ಯ ಬಂದ ದಾರಿ

ಮದುವೆಯ ಮೊದಲ ನೃತ್ಯಕ್ಕೆ ನಮ್ಮಲ್ಲಿ ಹೆಚ್ಚಾಗಿ ಆರಿಸಿಕೊಳ್ಳುವುದು ವಾಲ್ಟ್ಸ್. ಹದಿನೆಂಟನೆಯ ಶತಮಾನದಲ್ಲಿ ಆಸ್ಟ್ರಿಯ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗರ ಕುಣಿತಗಳಿಂದ ರೂಪುಗೊಂಡ ಈ ನೃತ್ಯ ವಿಯೆನ್ನಾ ನಗರದ ಮೂಲಕ ಯುರೋಪಿನ ಅರಮನೆಗಳನ್ನು ಸೇರಿತು. ಆರಂಭದಲ್ಲಿ ಇದಕ್ಕೆ ವಿರೋಧವೂ ಇತ್ತು. ಗಂಡುಹೆಣ್ಣು ಇಷ್ಟು ಸಮೀಪ ನಿಂತು ನರ್ತಿಸುವುದು ಸಭ್ಯತೆಯಲ್ಲವೆಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ 1816ರಲ್ಲಿ ಕಟುವಾಗಿ ಖಂಡಿಸಿತ್ತು. ಕಾಲಕ್ರಮದಲ್ಲಿ ಅದೇ ನೃತ್ಯ ಗೌರವಸ್ಥ ಕುಟುಂಬಗಳ ಮದುವೆಯ ಸಂಪ್ರದಾಯವಾದುದು ಗಮನಾರ್ಹ.

ನಮ್ಮ ಪೂರ್ವಜರ ನಾಡಾದ ಗೋವೆಯಲ್ಲಿ ಧರ್ಮಕೇಂದ್ರಗಳ ಶಾಲೆಗಳು ಮಕ್ಕಳಿಗೆ ಪಾಶ್ಚಾತ್ಯ ಸಂಗೀತವನ್ನು ಕಲಿಸುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಸಾಲ್ಸೆಟ್ ಪ್ರದೇಶದ ಕಥೋಲಿಕ ಮನೆಗಳಲ್ಲಿ ‘ಮಾಂಡೊ’ ಅರಳಿತು. ಪಿಟೀಲು ಮತ್ತು ಗುಮಟೆಯ ಜೊತೆಗೆ ನಿಧಾನಗತಿಯ ಕೊಂಕಣಿ ಪ್ರೇಮಗೀತೆಯನ್ನು ಹಾಡುತ್ತ, ಸ್ತ್ರೀಪುರುಷರು ಎದುರುಬದುರು ಸಾಲುಗಳಲ್ಲಿ, ಪರಸ್ಪರ ಮುಟ್ಟದೆ, ಗಂಭೀರವಾಗಿ ಹೆಜ್ಜೆ ಹಾಕುವ ನೃತ್ಯವಿದು. ಯುರೋಪಿನ ಸ್ವರ, ಕೊಂಕಣಿಯ ಮಾತು, ನೆಲದ ಮರ್ಯಾದೆ ಇವು ಮೂರೂ ಅದರಲ್ಲಿ ಕೂಡಿಕೊಂಡಿವೆ. ಹೊರಗಿನಿಂದ ಬಂದುದನ್ನು ತಮ್ಮ ಮನೆಯ ಅಳತೆಗೆ ಹೊಂದಿಸಿಕೊಳ್ಳುವ ಜಾಣ್ಮೆ ನಮ್ಮ ಹಿರಿಯರಿಗೆ ಇದ್ದೇ ಇತ್ತು.

ಕೆನರಾ ಕರಾವಳಿಯಲ್ಲಿ ನೆಲೆಸಿದ ನಮ್ಮವರು ಇನ್ನೊಂದನ್ನೂ ಉಳಿಸಿಕೊಂಡರು. ಅದೇ ರೋಸ್. ಆ ಸಂಜೆ ತೆಂಗಿನ ಹಾಲನ್ನೂ ಎಣ್ಣೆಯನ್ನೂ ಹಚ್ಚುವವರು ತಂದೆತಾಯಿ ಮಾತ್ರವಲ್ಲ. ಅಜ್ಜಿ, ಸೋದರಮಾವ, ನೆರೆಮನೆಯವರು, ಬಾಲ್ಯದ ಗೆಳೆಯರು ಎಲ್ಲರೂ ಸರದಿಯಂತೆ ಬಂದು ಮದುಮಕ್ಕಳನ್ನು ಹರಸುತ್ತಾರೆ. ಹೆಂಗಸರು ‘ವೊವಿಯೊ’ ಹೇಳುತ್ತಾರೆ. ರೋಸ್ ಚಪ್ಪರದಲ್ಲಿ ಪ್ರೇಕ್ಷಕರಿಲ್ಲ, ಭಾಗಿಗಳು ಮಾತ್ರ ಇದ್ದಾರೆ. ಮೊದಲ ನೃತ್ಯವೂ ಇದೇ ಮನೋಧರ್ಮದಲ್ಲಿ ನಡೆದಾಗ ಅದು ನಮ್ಮದಾಗುತ್ತದೆ. ಮದುಮಕ್ಕಳು ಮೊದಲು ಹೆಜ್ಜೆಯಿಡುವುದು ತಾವು ಕುಣಿದು ತೋರಿಸಲಿಕ್ಕಲ್ಲ, ಬಂದವರಿಗೆ ಅಂಗಳ ತೆರೆಯಲಿಕ್ಕೆ.

ಆರು ಎಣಿಕೆ, ಒಂದು ಚೌಕ

ಹಾಗಾದರೆ ಕಲಿಯುವ ಅಗತ್ಯವೇ ಇಲ್ಲವೇ? ಖಂಡಿತ ಇದೆ. ಹೆಜ್ಜೆ ತಿಳಿಯದೆ ಅಂಜುವವನು ಇತರರನ್ನು ಹೇಗೆ ಆಹ್ವಾನಿಸಿಯಾನು? ಆದರೆ ಕಲಿಯಬೇಕಾದುದು ಜನ ಭಾವಿಸಿದಷ್ಟಿಲ್ಲ.

ವಾಲ್ಟ್ಸ್‌ನ ಲಯ ಮೂರೆಣಿಕೆಯದು. ಮೊದಲ ಪೆಟ್ಟು ಬಲವಾದುದು, ಉಳಿದೆರಡು ಹಗುರ. ‘ಒಂದು’ ಎನ್ನುವಾಗ ಮದುಮಗ ಎಡಗಾಲನ್ನು ಮುಂದಿಡುತ್ತಾನೆ. ‘ಎರಡು’ ಎನ್ನುವಾಗ ಬಲಗಾಲನ್ನು ಬಲಬದಿಗೆ ಸರಿಸುತ್ತಾನೆ. ‘ಮೂರು’ ಎನ್ನುವಾಗ ಎಡಗಾಲನ್ನು ಬಲಗಾಲಿನ ಪಕ್ಕಕ್ಕೆ ತಂದು ಕೂಡಿಸುತ್ತಾನೆ. ಮುಂದಿನ ಮೂರೆಣಿಕೆಯಲ್ಲಿ ಬಲಗಾಲು ಹಿಂದಕ್ಕೆ, ಎಡಗಾಲು ಎಡಬದಿಗೆ, ಬಲಗಾಲು ಅದರ ಪಕ್ಕಕ್ಕೆ. ಮದುಮಗಳದು ಇದರ ಪ್ರತಿಬಿಂಬ: ಅವಳು ಬಲಗಾಲನ್ನು ಹಿಂದಕ್ಕಿಟ್ಟು ಆರಂಭಿಸುತ್ತಾಳೆ. ಆರು ಎಣಿಕೆಗೆ ನೆಲದ ಮೇಲೆ ಒಂದು ಚೌಕ ಪೂರ್ಣವಾಗುತ್ತದೆ. ನಿಧಾನಗತಿಯ ವಾಲ್ಟ್ಸ್‌ನಲ್ಲಿ ನಿಮಿಷಕ್ಕೆ ಸುಮಾರು 30 ಆವರ್ತಗಳು, ಅಂದರೆ 90 ಪೆಟ್ಟುಗಳು. ಒಂದು ಚೌಕಕ್ಕೆ ನಾಲ್ಕು ಸೆಕೆಂಡು, ಮೂರು ನಿಮಿಷಕ್ಕೆ 45 ಚೌಕಗಳು. ವಿಯೆನ್ನಾ ಶೈಲಿಯ ವಾಲ್ಟ್ಸ್ ಇದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ವೇಗದ್ದು. ಹೊಸಬರು ಅದರ ಗೊಡವೆಗೆ ಹೋಗದಿರುವುದು ಲೇಸು.

ಹೊಸಬರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಮೂರನೆಯ ಎಣಿಕೆಗೆ ಕೂಡಿಸಿದ ಕಾಲಿನ ಮೇಲೆ ಮೈಭಾರವನ್ನು ವರ್ಗಾಯಿಸದಿದ್ದರೆ ಮುಂದಿನ ಹೆಜ್ಜೆಗೆ ತಪ್ಪು ಕಾಲು ಏಳುತ್ತದೆ. ಇದೊಂದನ್ನು ಸರಿಪಡಿಸಿಕೊಂಡರೆ ಅರ್ಧ ನೃತ್ಯ ಕಲಿತಂತೆ. ಇನ್ನು ನಿಲುವಿನ ವಿಚಾರ. ಮದುಮಗನ ಬಲಗೈ ಮದುಮಗಳ ಬೆನ್ನಿನ ಮೇಲ್ಭಾಗದಲ್ಲಿ, ಅವಳ ಎಡಗೈ ಅವನ ತೋಳಿನ ಮೇಲೆ, ಉಳಿದೆರಡು ಕೈಗಳು ಒಂದನ್ನೊಂದು ಹಗುರವಾಗಿ ಹಿಡಿದಿರಬೇಕು. ದೃಷ್ಟಿ ಪಾದಗಳ ಮೇಲಿರಬಾರದು. ಹಿಂದಕ್ಕೆ ಹೆಜ್ಜೆಯಿಡುವವಳು ದಾರಿ ಕಾಣಲಾರಳು. ಆದುದರಿಂದ ಅವನ ಹೆಜ್ಜೆ ಚಿಕ್ಕದಾಗಿರಬೇಕು, ಅವಳ ಬೆನ್ನ ಹಿಂದಿರುವ ಮೇಜನ್ನೂ ಮಗುವನ್ನೂ ಅವನು ಗಮನಿಸಬೇಕು.

ಹಾಡಿನ ಆಯ್ಕೆಯಲ್ಲಿ ಒಂದು ಎಚ್ಚರ ಅಗತ್ಯ. ಅಚ್ಚುಮೆಚ್ಚಿನ ಹಾಡೆಲ್ಲ ವಾಲ್ಟ್ಸ್‌ಗೆ ಹೊಂದುವುದಿಲ್ಲ. ನಮಗೆ ಪ್ರಿಯವಾದ ಅನೇಕ ಪ್ರೇಮಗೀತೆಗಳ ಲಯ ನಾಲ್ಕೆಣಿಕೆಯದು. ಹಾಡು ಕೇಳುತ್ತ ಚಪ್ಪಾಳೆ ತಟ್ಟಿ ಎಣಿಸಿದರೆ ತಿಳಿಯುತ್ತದೆ. ನಾಲ್ಕೆಣಿಕೆಯಾದರೆ ಚೌಕವನ್ನು ಬಿಟ್ಟು, ‘ಬದಿಗೆ, ಕೂಡಿಸು, ಬದಿಗೆ, ತಾಗಿಸು’ ಎಂದು ಒಂದು ಬದಿಗೂ ಅನಂತರ ಇನ್ನೊಂದು ಬದಿಗೂ ಸರಿದರೆ ಸಾಕು. ಯಾವ ಹಾಡು, ಯಾವ ವೇಗ ಎಂಬುದನ್ನು ಬ್ಯಾಂಡಿನವರಿಗೆ ಮುಂಚಿತವಾಗಿ ತಿಳಿಸಬೇಕು.

ಅಭ್ಯಾಸಕ್ಕೆ ಎರಡು ವಾರ, ದಿನಕ್ಕೆ ಇಪ್ಪತ್ತು ನಿಮಿಷ ಮೀಸಲಿಟ್ಟರೆ ಒಂದೇ ಭಾನುವಾರ ಮೂರು ತಾಸು ಬೆವರಿಳಿಸುವುದಕ್ಕಿಂತ ಮೇಲು. ಮೊದಲು ಬೇರೆ ಬೇರೆಯಾಗಿ ಗಟ್ಟಿಯಾಗಿ ಎಣಿಸುತ್ತ, ಬಳಿಕ ಜೊತೆಯಾಗಿ ಹಾಡಿಲ್ಲದೆ, ಅನಂತರ ಹಾಡಿನೊಂದಿಗೆ. ಮದುವೆಯ ದಿನ ತೊಡುವ ಪಾದರಕ್ಷೆಗಳನ್ನೇ ತೊಟ್ಟು ಒಂದೆರಡು ದಿನ ಅಭ್ಯಾಸ ಮಾಡಬೇಕು. ಮದುಮಗಳು ಗೌನಿನಷ್ಟೇ ಉದ್ದದ ಲಂಗವನ್ನುಟ್ಟು ಅಭ್ಯಸಿಸಿದರೆ ಅಂಚು ಕಾಲಿಗೆ ಸಿಕ್ಕುವ ಭಯವಿರದು. ನೆಲಕ್ಕೆಳೆಯುವ ಹಿಂಬದಿಯ ಬಟ್ಟೆಯನ್ನು ನೃತ್ಯಕ್ಕೆ ಮೊದಲು ಪಿನ್ ಹಾಕಿ ಮೇಲೆತ್ತುವ ಹೊಣೆಯನ್ನು ಧೆಡಿಗೆ ಒಪ್ಪಿಸಬಹುದು.

ಇಬ್ಬರ ಮೊದಲ ಜಂಟಿ ಕೆಲಸ

ನಮ್ಮ ಅನೇಕ ಸಂಬಂಧಗಳು ಹಿರಿಯರ ಮಾತುಕತೆಯಿಂದ ಕುದುರುವಂಥವು. ಹುಡುಗ ದುಬೈಯಲ್ಲೋ ಕುವೈತಿನಲ್ಲೋ ಇರುತ್ತಾನೆ, ಹುಡುಗಿ ಊರಿನಲ್ಲಿ. ಪರಿಚಯವೆಲ್ಲ ಫೋನಿನ ಮೂಲಕ. ಮದುವೆಗೆ ಹತ್ತು ದಿನವಿರುವಾಗ ಅವನು ವಿಮಾನ ಇಳಿಯುತ್ತಾನೆ. ಬಟ್ಟೆ, ಆಮಂತ್ರಣ, ಸಭಾಂಗಣ ಎಂಬ ಗಡಿಬಿಡಿಯಲ್ಲಿ ಇಬ್ಬರೂ ಸಮಾಧಾನವಾಗಿ ಕೂಡಿ ಮಾಡುವ ಕೆಲಸವೊಂದಿದ್ದರೆ ಅದು ಈ ಅಭ್ಯಾಸವೇ. ಮನೆಯ ಜಗಲಿಯಲ್ಲಿ, ತಂಗಿಯೋ ಚಿಕ್ಕಮ್ಮನೋ ಎಣಿಕೆ ಹೇಳುತ್ತಿರಲು, ಇಬ್ಬರೂ ತಪ್ಪುತ್ತಾರೆ, ನಗುತ್ತಾರೆ, ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಒಬ್ಬರ ಕಾಲನ್ನು ಇನ್ನೊಬ್ಬರು ತುಳಿದಾಗ ಯಾರು ಹೇಗೆ ವರ್ತಿಸುತ್ತಾರೆ ಎಂಬುದು ಸಣ್ಣ ಸಂಗತಿಯಲ್ಲ. ತಾಳ್ಮೆ ಎಷ್ಟಿದೆ, ತಪ್ಪನ್ನು ಯಾರ ತಲೆಗೆ ಕಟ್ಟುತ್ತಾರೆ, ಕ್ಷಮೆ ಎಷ್ಟು ಬೇಗ ಬರುತ್ತದೆ ಎಂಬುದೆಲ್ಲ ಅಲ್ಲಿ ಕಂಡುಬರುತ್ತದೆ.

ಈ ನೃತ್ಯದಲ್ಲಿ ಪುರುಷ ಮುನ್ನಡೆಸುತ್ತಾನೆ ಎಂಬುದು ರೂಢಿ. ಆದರೆ ಮುನ್ನಡೆಸುವುದೆಂದರೆ ಎಳೆದಾಡುವುದಲ್ಲ. ಅವನು ತಿರುಗುವ ಮೊದಲು ಕೈಯ ಹಗುರವಾದ ಒತ್ತಡದಿಂದ ಸೂಚನೆ ಕೊಡಬೇಕು, ಅವಳು ಅದನ್ನು ಗ್ರಹಿಸುವವರೆಗೆ ಕಾಯಬೇಕು. ಅವಳೂ ಕೈಗೊಂಬೆಯಂತಿರದೆ ತನ್ನ ಭಾರವನ್ನು ತಾನೇ ಹೊತ್ತು ನಡೆಯಬೇಕು. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಪತಿಪತ್ನಿಯರ ಕುರಿತು ಹೇಳುವ ಮುನ್ನ ಎಲ್ಲರೂ ಪರಸ್ಪರ ವಿಧೇಯರಾಗಿರುವಂತೆ ಬೋಧಿಸುತ್ತಾರೆ. ವಿವಾಹಪೂರ್ವ ಶಿಬಿರದಲ್ಲಿ ಕಿವಿಯಿಂದ ಕೇಳಿದ ಈ ಬೋಧನೆಯನ್ನು ಕಾಲುಗಳಿಂದ ಕಲಿಯುವ ಅವಕಾಶ ಇಲ್ಲಿದೆ.

ಪೋಪ್ ಫ್ರಾನ್ಸಿಸ್‌ರವರು 2016ರಲ್ಲಿ ಕುಟುಂಬ ಜೀವನದ ಕುರಿತು ಹೊರಡಿಸಿದ ‘ಅಮೋರಿಸ್ ಲೆತಿತ್ಸಿಯ’ ಎಂಬ ಪತ್ರದಲ್ಲಿ ಎರಡು ಮಾತುಗಳು ಈ ಸಂದರ್ಭಕ್ಕೆ ಒಪ್ಪುತ್ತವೆ. ಎಳೆಯ ಪ್ರೀತಿಯನ್ನು ಅವರು ಭರವಸೆಯೊಡನೆ ಭವಿಷ್ಯದತ್ತ ಸಾಗುವ ನೃತ್ಯಕ್ಕೆ ಹೋಲಿಸಿದ್ದಾರೆ. ಅದೇ ಪತ್ರದಲ್ಲಿ, ಆಮಂತ್ರಣ, ಉಡುಪು, ಔತಣಗಳ ಸಿದ್ಧತೆ ಹಣವನ್ನಷ್ಟೇ ಅಲ್ಲದೆ ಶಕ್ತಿಯನ್ನೂ ಸಂತೋಷವನ್ನೂ ಹೀರಿಬಿಡುತ್ತದೆ, ಮದುಮಕ್ಕಳು ದಣಿದು ಬಸವಳಿದು ಪೀಠದ ಮುಂದೆ ಬಂದು ನಿಲ್ಲುತ್ತಾರೆ ಎಂದು ಎಚ್ಚರಿಸಿದ್ದಾರೆ. ಅಭ್ಯಾಸವು ಇಬ್ಬರನ್ನು ಹತ್ತಿರ ತರುವವರೆಗೆ ಅದು ವರ. ಕ್ಯಾಮರಾದ ಭಯದಿಂದ ಅದೇ ಜಗಳಕ್ಕೂ ಸಾಲಕ್ಕೂ ಕಾರಣವಾದರೆ ಅಲ್ಲಿಗೇ ನಿಲ್ಲಿಸುವುದು ವಿವೇಕ.

ಹೊರಗೆ ನಿಂತವರು

“ನಾವೇನು ಕುಣಿದು ಮದುವೆಯಾದೆವೇ?” ಎಂದು ಕೇಳುವ ಹಿರಿಯರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಪವಿತ್ರ ಸಂಸ್ಕಾರ ದೇವಾಲಯದಲ್ಲಿ ಪೂರ್ಣಗೊಂಡಿದೆ, ನೃತ್ಯ ಅದರ ಅಂಗವಲ್ಲ. ಕುಟುಂಬದಲ್ಲಿ ಸಾವಿನ ಶೋಕವಿದ್ದರೆ, ಅನಾರೋಗ್ಯವಿದ್ದರೆ ಅಥವಾ ಮದುಮಕ್ಕಳಿಗೆ ಮನಸ್ಸಿಲ್ಲದಿದ್ದರೆ ನೃತ್ಯವನ್ನು ಕೈಬಿಡಲು ಯಾರೂ ನಾಚಬೇಕಾಗಿಲ್ಲ. ಆದರೆ ನೃತ್ಯವೇ ಅಪವಿತ್ರವೆಂಬ ಭಾವನೆಗೆ ಪವಿತ್ರ ಗ್ರಂಥದಲ್ಲಿ ಆಧಾರವಿಲ್ಲ. ಮಂಜೂಷದ ಮುಂದೆ ಅರಸ ದಾವೀದನು ಮೈಮರೆತು ನರ್ತಿಸಿದನು. ಕುಣಿದಾಡುವುದಕ್ಕೂ ಒಂದು ಕಾಲವಿದೆಯೆಂದು ಉಪದೇಶಕನ ಗ್ರಂಥ ಹೇಳುತ್ತದೆ. ಪ್ರಭು ಯೇಸು ಸ್ವತಃ ಕಾನಾ ಊರಿನ ಮದುವೆಗೆ ಅತಿಥಿಯಾಗಿ ಹೋಗಿದ್ದರು.

ಇವೆಲ್ಲಕ್ಕಿಂತ ಮಿಗಿಲಾಗಿ ಲೂಕನ ಶುಭಸಂದೇಶದ 15ನೆಯ ಅಧ್ಯಾಯದ ಸಾಮತಿಯನ್ನು ನೆನೆಯಬೇಕು. ದಾರಿತಪ್ಪಿದ ಕಿರಿಯ ಮಗ ಮರಳಿ ಬಂದಾಗ ಮನೆಯಲ್ಲಿ ಗಾಯನ ನರ್ತನಗಳು ನಡೆಯುತ್ತವೆ. ಹೊಲದಿಂದ ಬಂದ ಹಿರಿಯ ಮಗ ಆ ಧ್ವನಿಯನ್ನು ಕೇಳಿ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಆಗ ತಂದೆ ಸಂಭ್ರಮವನ್ನು ಬಿಟ್ಟು ಹೊರಗೆ ಬಂದು ಅವನನ್ನು ಒಳಗೆ ಕರೆಯುತ್ತಾನೆ.

ನಮ್ಮ ಮದುವೆಯ ಸಭಾಂಗಣಗಳಲ್ಲಿಯೂ ಹೀಗೆ ಹೊರಗೆ ನಿಂತವರು ಇರುತ್ತಾರೆ. ಆಸ್ತಿಯ ವಿಚಾರದಲ್ಲಿ ಮಾತು ಬಿಟ್ಟ ಚಿಕ್ಕಪ್ಪ, ಗಂಡನನ್ನು ಕಳೆದುಕೊಂಡು ಹಿಂದಿನ ಸಾಲಿನಲ್ಲಿ ಕುಳಿತ ಅತ್ತೆ, ಮದುವೆಯ ವಯಸ್ಸು ಮೀರಿತೆಂದು ಇತರರ ಕಣ್ಣು ತಪ್ಪಿಸುವ ಅಕ್ಕ, ಮೂಲೆಯ ಕುರ್ಚಿಯಲ್ಲಿ ಕೋಲು ಹಿಡಿದು ಕುಳಿತ ಅಜ್ಜ. ಪಳಗಿದ ಪ್ರದರ್ಶನವೊಂದು ಅವರನ್ನು ಇನ್ನಷ್ಟು ಪ್ರೇಕ್ಷಕರನ್ನಾಗಿಸುತ್ತದೆ. ಮದುಮಗಳು ತಾನಾಗಿ ಬಂದು ಕೈ ನೀಡಿದರೆ ಅಜ್ಜನೂ ಎರಡು ಹೆಜ್ಜೆ ಇಟ್ಟಾನು. ಮದುಮಗ ಕೈಹಿಡಿದು ಕರೆದರೆ ಚಿಕ್ಕಪ್ಪನೂ ಎದ್ದಾನು. ಹತ್ತು ಹಿರಿಯರು ಕುಳಿತು ನಡೆಸಿದ ಸಂಧಾನದಿಂದ ಆಗದ ಕೆಲಸ ಕೆಲವೊಮ್ಮೆ ಒಂದು ಹಾಡಿನ ಅವಧಿಯಲ್ಲಿ ಆಗುವುದುಂಟು.

ಆದುದರಿಂದ ಈ ಬಾರಿ ಮದುವೆಯ ಸಿದ್ಧತೆಯಲ್ಲಿರುವ ಯುವಜನರಲ್ಲಿ ಒಂದು ವಿನಂತಿ. ಚೌಕವೊಂದನ್ನು ಚೆನ್ನಾಗಿ ಕಲಿಯಿರಿ, ಅಷ್ಟು ಸಾಕು. ಹಾಡಿನ ಮೊದಲ ಚರಣ ನಿಮ್ಮಿಬ್ಬರದಾಗಿರಲಿ. ಎರಡನೆಯ ಚರಣಕ್ಕೆ ಎರಡೂ ಕಡೆಯ ತಂದೆತಾಯಿಯರನ್ನು ಕರೆಯಿರಿ. ಮೂರನೆಯ ಚರಣ ಆರಂಭವಾಗುವಾಗ ಇಬ್ಬರೂ ಕೈ ಬಿಡಿಸಿಕೊಂಡು ಹಿಂದಿನ ಸಾಲಿನವರೆಗೆ ನಡೆದು ಹೋಗಿ, ಯಾರನ್ನು ಯಾರೂ ಕರೆಯಲಾರರೋ ಅವರ ಮುಂದೆ ಕೈ ಚಾಚಿರಿ. ಯಾರನ್ನು ಕರೆಯಬೇಕೆಂಬುದನ್ನು ಅಭ್ಯಾಸದ ದಿನಗಳಲ್ಲಿಯೇ ಇಬ್ಬರೂ ಕುಳಿತು ನಿಶ್ಚಯಿಸಿಕೊಳ್ಳಿರಿ. ಎರಡು ಮನೆತನಗಳ ನೋವುನಲಿವುಗಳನ್ನು ನೀವು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಮದುವೆಗೆ ಮೊದಲು ಮತ್ತೆ ಸಿಗಲಾರದು.