ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಲಸಿಕೆ: ಮುದಗಲ್ಲಿನ ಒಂದು ಗುರುವಾರ

ಮುದಗಲ್ ಕೋಟೆಯ ಕಂದಕ ದಾಟಿ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಗುರುವಾರ, ಲಸಿಕೆಯ ದಿನ. ನಾನು ಹೋದ ಆರೋಗ್ಯ ಕೇಂದ್ರದ ಅಂಗಳದಲ್ಲಿ ಬೇವಿನ ನೆರಳು ಹಿಡಿದು ತಾಯಂದಿರು, ಅಜ್ಜಿಯರು ಕೂತಿದ್ದರು. ಎಲ್ಲರ ಕೈಯಲ್ಲೂ ತಾಯಿ ಕಾರ್ಡ್. ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳಿಗೆ ಸೂಜಿ ಹೇಗೆ ಹಾಕುತ್ತಾರೆ, ಚುಚ್ಚಿದ ಜಾಗ ಬಾತರೆ, ಕೀವಾದರೆ ಏನು ಮಾಡುತ್ತಾರೆ ಎಂದು ತಿಳಿಯಲು ಬಂದಿದ್ದೆ.

ಮೊದಲು ತೂಕದ ಮೇಜು. ಒಂದು ಕೂಸು 2 ಕಿಲೋ 300 ಗ್ರಾಂ ತೂಗಿತು. ಹುಟ್ಟಿದ್ದು 33 ವಾರಕ್ಕೆ, ಆಗಿನ ತೂಕ 1,600 ಗ್ರಾಂ ಎಂದು ಕಾರ್ಡಿನಲ್ಲಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದು ಬಂದ ಕೂಸಿಗೆ ಈಗ ಆರು ವಾರ.

‘ಇನ್ನಾ ಭಾಳ ಸಣ್ಣದೈತ್ರಿ ಸಿಸ್ಟರ್. ಮೈ ತುಂಬಲಿ, ಆಮ್ಯಾಲ ಸೂಜಿ ಮಾಡಸ್ತೀವಿ’ ಅಂದರು ಕೂಸಿನ ಅಜ್ಜಿ.

‘ಹಂಗನಬ್ಯಾಡ್ರಿ ಅಮ್ಮಾ, ಸಣ್ಣ ಕೂಸಿಗೇ ಲಗೂನ ಬೇಕು’ ಅಂದರು ಸಿಸ್ಟರ್.

ಅವರ ಮಾತಿನಲ್ಲಿ ಹುರುಳಿದೆ. ತಾಯಿಯಿಂದ ಕೂಸಿಗೆ ರೋಗ ತಡೆಯುವ ಶಕ್ತಿ ಹೆಚ್ಚಾಗಿ ಹರಿದುಬರುವುದು ಬಸಿರಿನ ಕೊನೆಯ ವಾರಗಳಲ್ಲಿ. ಆ ವಾರಗಳೇ ಸಿಗದ ಕೂಸಿಗೆ ನಾಯಿಕೆಮ್ಮು, ನ್ಯುಮೋನಿಯಾ ತಗುಲಿದರೆ ಅಪಾಯ ಹೆಚ್ಚು. ಆದ್ದರಿಂದ ಲಸಿಕೆಯ ಲೆಕ್ಕ ಹುಟ್ಟಿದ ದಿನದಿಂದಲೇ ಶುರು, ಹುಟ್ಟಬೇಕಿದ್ದ ದಿನದಿಂದಲ್ಲ. ಪ್ರಮಾಣವನ್ನೂ ಅರ್ಧ ಮಾಡುವಂತಿಲ್ಲ.

ಅಜ್ಜಿಗೆ ಇನ್ನೊಂದು ಆತಂಕವಿತ್ತು. ಕೂಸಿನ ಎಡತೋಳು ತೋರಿಸಿದರು. ಆಸ್ಪತ್ರೆ ಬಿಡುವ ದಿನ ಕ್ಷಯದ ಲಸಿಕೆ ಬಿಸಿಜಿ ಹಾಕಿದ ಜಾಗದಲ್ಲಿ ತೊಗರಿಕಾಳಿನಷ್ಟು ಕೆಂಪು ಗುಳ್ಳೆ. ಎರಡು-ಮೂರು ವಾರಕ್ಕೆ ಹೀಗೆ ಗುಳ್ಳೆ ಏಳಬೇಕು, ಅದು ಒಡೆದು ಹುಣ್ಣಾಗಿ ತಾನೇ ಮಾಯಬೇಕು, ಕಲೆ ಉಳಿಯಬೇಕು. ಅರಿಶಿನ, ಸುಣ್ಣ, ಮುಲಾಮು ಏನನ್ನೂ ಹಚ್ಚಬಾರದು ಎಂದರು ಸಿಸ್ಟರ್. ಕಂಕುಳಲ್ಲಿ ಗಡ್ಡೆ ಕಂಡರೆ ಮಾತ್ರ ತೋರಿಸಬೇಕು. ಅಜ್ಜಿ ತಲೆಯಾಡಿಸಿದರು, ಪೂರ್ತಿ ನಂಬಿದಂತೆ ನನಗೆ ಕಾಣಲಿಲ್ಲ.

ಮುಂದಿನದು ಲಸಿಕೆ ಇಡುವ ಕೋಣೆ. ಫ್ರಿಜ್ಜಿನ ಮೇಲೆ ತಾಪಮಾನ ಬರೆದಿಡುವ ಹಾಳೆ. 2ರಿಂದ 8 ಡಿಗ್ರಿಯೊಳಗೆ ಇರಬೇಕು. ಈ ಬಿಸಿಲಿನ ಊರಲ್ಲಿ ಸೆಕೆಯೇ ದೊಡ್ಡ ಶತ್ರು ಎಂದುಕೊಂಡಿದ್ದೆ. ಆದರೆ ಸಿಬ್ಬಂದಿಯೊಬ್ಬರು ಐಸ್ ಪ್ಯಾಕನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದರು. ಯಾಕೆಂದು ಕೇಳಿದೆ. ಒಳಗೆ ನೀರು ಕುಲುಕುವ ಸದ್ದು ಬಂದ ಮೇಲೇ ಅದನ್ನು ಲಸಿಕೆ ಪೆಟ್ಟಿಗೆಗೆ ಹಾಕಬೇಕಂತೆ. ಗಟ್ಟಿ ಮಂಜಿಗೆ ತಾಗಿ ಪೆಂಟಾವೇಲೆಂಟ್, ಅಂದರೆ ಐದು ರೋಗ ತಡೆಯುವ ಲಸಿಕೆ, ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತದೆ. ಹಾಗೆ ಕೆಟ್ಟದ್ದನ್ನು ಹಾಕಿದರೆ ಸೋಂಕಿಲ್ಲದೆಯೂ ಚುಚ್ಚಿದ ಜಾಗದಲ್ಲಿ ಬಾವು ಕಟ್ಟಬಹುದು. ತಳಕ್ಕೆ ಕೂತ ಮದ್ದನ್ನು ಚೆನ್ನಾಗಿ ಅಲುಗಿಸದೆ ಎಳೆದರೂ ಅದೇ ಭಯ.

ಅಲ್ಲಿಂದ ಚುಚ್ಚುಮದ್ದಿನ ಮೇಜಿಗೆ. ಅದೇ ಕೂಸಿನ ಬಾಯಿಗೆ ಪೋಲಿಯೊ 2 ಹನಿ, ರೋಟಾ 5 ಹನಿ. ಬಲತೋಳಿನ ಚರ್ಮದೊಳಗೆ ಪೋಲಿಯೊದ 0.1 ಮಿಲಿ. ಬಲತೊಡೆಗೆ ನ್ಯುಮೋಕಾಕಲ್, ಎಡತೊಡೆಗೆ ಪೆಂಟಾ, ತಲಾ ಅರ್ಧ ಮಿಲಿ. ಪ್ರತಿ ಸಲವೂ ಹೊಸ ಸಿರಿಂಜ್. ಒಮ್ಮೆ ಬಳಸಿದರೆ ತಾನೇ ಕಚ್ಚಿಕೊಳ್ಳುವಂಥದ್ದು. ಸಿಸ್ಟರ್ ತೊಡೆಯ ನಡುಭಾಗದ ಹೊರಮಗ್ಗುಲನ್ನು ಬೆರಳಲ್ಲಿ ಹುಡುಕಿದರು. ಕುಂಡಿಗೆ ಹಾಕಿದರೆ ನರಕ್ಕೆ ಪೆಟ್ಟಾಗುವ ಅಪಾಯ. ಕಡಿಮೆ ಮಾಂಸದ ಆ ತೊಡೆ ನೋಡಿ ನನಗೆ ಕಸಿವಿಸಿಯಾಯಿತು. ಸೂಜಿ ನೇರವಾಗಿ ಇಳಿಯಿತು, ಕ್ಷಣದಲ್ಲಿ ಈಚೆ ಬಂತು. ಉಜ್ಜಲಿಲ್ಲ, ಹತ್ತಿಯಿಂದ ಮೆಲ್ಲಗೆ ಒತ್ತಿದರು ಅಷ್ಟೇ. ಕೂಸು ಕಿರುಚಿ ಅತ್ತಿತು. ಎದೆಹಾಲು ಸಿಕ್ಕೊಡನೆ ಸುಮ್ಮನಾಯಿತು.

ಕೊನೆಗೆ ಪಕ್ಕದ ಬೆಂಚಿನಲ್ಲಿ ಅರ್ಧ ಗಂಟೆ ಕೂರಿಸುತ್ತಾರೆ. ಅಪರೂಪಕ್ಕೆ ತೀವ್ರ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಇರುವ ಕಿಟ್ ಮೇಜಿನ ಮೇಲೇ ಇತ್ತು. 28 ವಾರಕ್ಕೂ ಮುಂಚೆ ಹುಟ್ಟಿದ ಕೂಸುಗಳ ಮಾತು ಬೇರೆ. ಲಸಿಕೆಯ ನಂತರ ಎರಡು-ಮೂರು ದಿನ ಅವಕ್ಕೆ ಉಸಿರು ತಡೆದು ತಡೆದು ಬರಬಹುದು. ಅದಕ್ಕೇ ಮೊದಲ ಲಸಿಕೆಯನ್ನು ದೊಡ್ಡಾಸ್ಪತ್ರೆಯ ನಿಗಾದಲ್ಲಿ ಹಾಕಿಸುವುದು ಒಳ್ಳೆಯದು.

ಜ್ವರ, ಸಣ್ಣ ಬಾವು ಒಂದೆರಡು ದಿನದಲ್ಲಿ ಇಳಿಯುತ್ತವೆ. ಬಾವಿನ ಮೇಲೆ ತಣ್ಣೀರಿನ ಶುದ್ಧ ಬಟ್ಟೆ ಇಟ್ಟರೆ ಸಾಕು, ಬಿಸಿ ಶಾಖ ಬೇಡ. ಮೂರು ದಿನ ಕಳೆದರೂ ಬಾವು ಇಳಿಯದಿದ್ದರೆ, ಮೊಣಕಾಲು ದಾಟಿ ಹಬ್ಬಿದರೆ, ಮೆತ್ತಗಾಗಿ ಕೀವು ತುಂಬಿದರೆ ಮನೆಯಲ್ಲಿ ಹಿಚುಕದೆ ಕರೆತರಬೇಕು. ಕೂಸು ಹಾಲು ಬಿಟ್ಟರೆ, ಮಂಕಾದರೆ ಒಂದು ದಿನವೂ ತಡೆಯಬಾರದು.

‘ತೂಕ ಬರಲಿ’ ಎಂದು ಕಾಯುವ ಮನೆಗಳು ಈ ಸೀಮೆಯಲ್ಲಿ ಕಡಿಮೆಯಿರಲಾರವು. ಅವರ ಭಯ ಸಹಜವೇ. ಆದರೆ ಆ ಭಯಕ್ಕೆ ಉತ್ತರ ಲಸಿಕೆ ಮುಂದೂಡುವುದಲ್ಲ. ಕಾರ್ಡ್ ತೋರಿಸಿ, ಕೂಸು ಎಷ್ಟು ವಾರಕ್ಕೆ ಹುಟ್ಟಿದ್ದು ಎಂದು ಸಿಸ್ಟರಿಗೆ ಮೊದಲೇ ಹೇಳಿ, ಅರ್ಧ ಗಂಟೆ ಕೂತು, ಮನೆಗೆ ಹೋದ ಮೇಲೆ ಆ ಪುಟ್ಟ ತೊಡೆಯನ್ನು ದಿನಾ ನೋಡುವುದೇ ಉತ್ತರ.